ಸೊನ್ನೆ ಮೇಸ್ತ್ರಿಯ ಮೂವತ್ತು

ಸೊನ್ನೆ ಮೇಸ್ತ್ರಿಗೆ ತನ್ನದು ಎನ್ನುವ ಕಿಡ್ನಿ ಇರಲಿಲ್ಲ. ಹುಟ್ಟುವಾಗ ಎಲ್ಲರ ಹಾಗೆ ಎರಡು ತಂದಿದ್ದ. ನಲವತ್ತು ದಾಟುವ ಹೊತ್ತಿಗೆ ಎರಡೂ ಮುದುರಿಕೊಂಡು ಕೆಲಸ ಬಿಟ್ಟಿದ್ದವು. ಈಗ ಅವನ ಹೊಟ್ಟೆಯ ಬಲಮಗ್ಗುಲಲ್ಲಿ ಕೂತು ದುಡಿಯುತ್ತಿದ್ದದ್ದು ಅಕ್ಕನ ಎಡಗಡೆಯ ಕಿಡ್ನಿ. ಕೊಟ್ಟು ಎರಡು ವರ್ಷವಾಗಿದ್ದರೂ ಅಕ್ಕ ಅದನ್ನು ಪೂರ್ತಿ ಬಿಟ್ಟುಕೊಟ್ಟಿರಲಿಲ್ಲ. ದಿನಾ ಬೆಳಿಗ್ಗೆ ತನ್ನ ಇಸ್ತ್ರಿ ಅಂಗಡಿಯ ಬಾಗಿಲು ತೆಗೆಯುವ ಮೊದಲು ತಮ್ಮನ ಬಾಡಿಗೆ ಕೋಣೆಗೆ ಬಂದು, ಚಪ್ಪಲಿ ಬಿಡುವುದಕ್ಕೂ ಮುಂಚೆ ಕೇಳುತ್ತಿದ್ದಳು:

"ಹೇಗಿದೆಯೋ ನಂದು?"

"ನಾನು ಹೇಗಿದ್ದೀನಿ ಅಂತ ಒಂದು ದಿನಾನೂ ಕೇಳಲ್ವಲ್ಲ ಅಕ್ಕ ನೀನು."

"ನೀನು ಹೇಗಿದ್ರೂ ನಡೆಯುತ್ತೆ. ನಂದಕ್ಕೆ ಏನೂ ಆಗಬಾರದು."

ಭಾವನದು ಇನ್ನೂ ನೇರ. ಆತ ಸರಕಿನ ಗಾಡಿ ಓಡಿಸುವ ಮನುಷ್ಯ, ಮಾತು ಕಡಿಮೆ. ಎದುರಿಗೆ ಸಿಕ್ಕಾಗಲೆಲ್ಲ ಭಾಮೈದನ ಮುಖ ಬಿಟ್ಟು ಹೊಟ್ಟೆ ನೋಡುತ್ತಿದ್ದ. "ನಮ್ಮನೆ ಸಾಮಾನು ಹುಷಾರಪ್ಪ" ಎಂದು ಹೇಳಿ ಗೇರ್ ಹಾಕುತ್ತಿದ್ದ.

ಮೇಸ್ತ್ರಿಯ ಕಸುಬು ತಕ್ಕಡಿ ರಿಪೇರಿ. ಮಾರುಕಟ್ಟೆಯ ಹಿಂಬದಿಯಲ್ಲಿ ಒಂದು ಗೂಡಂಗಡಿ, ಅದರ ತುಂಬ ಬಿಚ್ಚಿಟ್ಟ ತಟ್ಟೆಗಳು, ಮುಳ್ಳುಗಳು, ಸ್ಪ್ರಿಂಗುಗಳು. ಯಾವ ತಕ್ಕಡಿ ಬಂದರೂ ಅವನ ಮೊದಲ ಮಾತು ಒಂದೇ: "ಮೊದಲು ಸೊನ್ನೆಗೆ ತನ್ನಿ." ಖಾಲಿ ತಟ್ಟೆ ಸೊನ್ನೆ ತೋರಿಸದಿದ್ದರೆ ಮುಂದಿನದೆಲ್ಲ ಸುಳ್ಳು ಎನ್ನುವುದು ಅವನ ನಂಬಿಕೆ. ಇದನ್ನೇ ಇಪ್ಪತ್ತು ವರ್ಷ ಹೇಳಿದ್ದಕ್ಕೆ ಮಾರುಕಟ್ಟೆ ಅವನಿಗೆ ಸೊನ್ನೆ ಎಂಬ ಬಿರುದು ಕೊಟ್ಟಿತ್ತು. ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಆಸ್ಪತ್ರೆಯಲ್ಲಿ ಆಪರೇಷನ್ ಆದವರಿಗೆ ಹೇಳುವ ಮಾತನ್ನೆಲ್ಲ ಅವನಿಗೂ ಹೇಳಿದ್ದರು. ಈ ಕಿಡ್ನಿಗೆ ದೊಡ್ಡ ಶತ್ರು ಬಿಪಿ. ಮೇಲಿನ ನಂಬರು ನೂರ ಮೂವತ್ತರ ಆಸುಪಾಸಿನಲ್ಲಿ ಇರಬೇಕು. ನೂರ ಹತ್ತಕ್ಕಿಂತ ಕೆಳಗೆ ಹೋದರೂ ಕಷ್ಟ, ಕೂಡಲೇ ಫೋನ್ ಮಾಡಬೇಕು. ಮಾತ್ರೆಯನ್ನು ನೀವಾಗಿ ಕೂಡಿಸಬೇಡಿ, ನೀವಾಗಿ ಕಳೆಯಬೇಡಿ. ಮೇಸ್ತ್ರಿ ಇದನ್ನೆಲ್ಲ ಅಕ್ಷರಶಃ ಪಾಲಿಸುತ್ತಿದ್ದ. ಕಿಡ್ನಿಯನ್ನು ದೇಹ ತಿರಸ್ಕರಿಸದಿರಲಿ ಎಂದು ಕೊಡುವ ಕ್ಯಾಪ್ಸೂಲನ್ನು ಹೊತ್ತು ತಪ್ಪಿಸಿದವನಲ್ಲ. ಬೆಳಿಗ್ಗೆ ಬಿಪಿಯ ಹಳದಿ ಮಾತ್ರೆ, ರಾತ್ರಿ ಬಿಪಿಯ ಬಿಳಿ ಮಾತ್ರೆ. ಅವನಷ್ಟು ಶಿಸ್ತಿನ ರೋಗಿ ಆ ಆಸ್ಪತ್ರೆಯಲ್ಲಿ ಇನ್ನೊಬ್ಬ ಇರಲಿಲ್ಲ. ಮುಂದೆ ನಡೆದದ್ದನ್ನು ಓದುವಾಗ ಇದನ್ನು ನೆನಪಿಡಬೇಕು. ಸೋಮಾರಿಯೊಬ್ಬ ಕಿಡ್ನಿ ಕಳೆದುಕೊಂಡರೆ ಅದು ಕಥೆಯಾಗುವುದಿಲ್ಲ.

ಎರಡು ವರ್ಷ ಬಿಪಿಯನ್ನು ಆಸ್ಪತ್ರೆಯಲ್ಲೇ ನೋಡುತ್ತಿದ್ದರು. ಆಮೇಲೆ ನರ್ಸ್, "ಇನ್ನು ಮೂರು ತಿಂಗಳಿಗೊಮ್ಮೆ ಬಂದ್ರೆ ಸಾಕು. ಮನೆಗೊಂದು ಮಷೀನು ತಗೊಳ್ಳಿ. ಬರಿಗೈಗೆ ಪಟ್ಟಿ ಕಟ್ಟಿ, ಐದು ನಿಮಿಷ ಮಾತಾಡದೆ ಸುಮ್ಮನೆ ಕೂತು ನೋಡಿ. ನಾನು ಫೋನ್ ಮಾಡಿದಾಗ ನಂಬರ್ ಹೇಳಿ" ಎಂದಳು. ಭಾವ ಆ ಮಷೀನನ್ನು ತಂದು ಮೇಜಿನ ಮೇಲಿಟ್ಟು, "ನಮ್ಮನೆ ಸಾಮಾನಿಗೆ ಕಾವಲು" ಎಂದು ಹೇಳಿ ಹೋದ.

ಮೇಸ್ತ್ರಿ ಅದನ್ನು ಮೂರು ಸಲ ತಿರುಗಿಸಿ ನೋಡಿದ. ಎಲ್ಲೂ ಸ್ಕ್ರೂ ಇರಲಿಲ್ಲ. ಕೈಗೆ ಕಟ್ಟದೆ ಗುಂಡಿ ಒತ್ತಿದ. ಅದು ಸೊನ್ನೆ ತೋರಿಸಲಿಲ್ಲ, ಕೆಲಸ ಕೆಟ್ಟಿದೆ ಎನ್ನುವ ಏನೋ ಅಕ್ಷರ ತೋರಿಸಿತು. ಸೊನ್ನೆ ತೋರಿಸದ ಅಳತೆ ಸಾಮಾನನ್ನು ಅವನು ಜನ್ಮದಲ್ಲಿ ನಂಬಿರಲಿಲ್ಲ. ಮೊದಲ ದಿನವೇ ಅವರಿಬ್ಬರ ನಡುವೆ ಮನಸ್ತಾಪವಾಯಿತು.

ಮರುದಿನ ಹಳೆಯ ಲೆಕ್ಕದ ಕೊನೆಯ ತಪಾಸಣೆಗೆ ಆಸ್ಪತ್ರೆಗೆ ಹೋಗಬೇಕಿತ್ತು. ಚಳಿಯಿತ್ತು. ಅಕ್ಕ ಬಂದವಳೇ ಗೂಟದಲ್ಲಿದ್ದ ದಪ್ಪ ಸ್ವೆಟರ್ ತೆಗೆದು ಅವನ ತಲೆಯ ಮೇಲಿಂದ ತುರುಕತೊಡಗಿದಳು.

"ಬೇಡ ಬಿಡು ಅಕ್ಕ, ಅಲ್ಲಿ ಸೆಕೆ ಆಗುತ್ತೆ."

"ನಿನಗೆ ಸೆಕೆ ಆಗಲಿ. ನಂದಕ್ಕೆ ಶೀತ ಆದ್ರೆ?"

"ಕಿಡ್ನಿಗೆ ಶೀತ ಆಗುತ್ತಾ ಎಲ್ಲಾದ್ರೂ?"

"ನನ್ನ ಹೊಟ್ಟೇಲಿದ್ದಾಗ ಆಗಿರಲಿಲ್ಲ. ನಿನ್ನ ಹೊಟ್ಟೆ ಸೇರಿದ ಮೇಲೆ ಏನು ಬೇಕಾದ್ರೂ ಆಗಬಹುದು. ತೂರಿಸು ಕೈ!"

ಕೈ ತೂರಿತು, ಬಾಯಿ ನಿಲ್ಲಲಿಲ್ಲ. ಹೊತ್ತಾಗುತ್ತಿತ್ತು. ಮೇಸ್ತ್ರಿ ಸ್ವೆಟರಿನ ತೋಳಿನ ಮೇಲೆಯೇ ಪಟ್ಟಿ ಕಟ್ಟಿ, ಒಂದು ಕಾಲಲ್ಲಿ ಮಂಚದ ಕೆಳಗಿನ ಚಪ್ಪಲಿ ಹುಡುಕುತ್ತ, ಚಿಕ್ಕಂದಿನಿಂದ ಅಕ್ಕ ತನಗೆ ತೊಡಿಸಿದ ಬೇಡದ ಬಟ್ಟೆಗಳ ಪಟ್ಟಿಯನ್ನು ದೊಡ್ಡ ದನಿಯಲ್ಲಿ ಒಪ್ಪಿಸುತ್ತ ಗುಂಡಿ ಒತ್ತಿದ. ಮಷೀನು ಗುರುಗುಟ್ಟಿ ತೋಳು ಹಿಂಡಿತು. ನೂರ ಅರವತ್ತೆರಡು.

ನಂಬರ್ ನೋಡಿದ ಅಕ್ಕನ ಮುಖದಲ್ಲಿ ರಕ್ತವಿರಲಿಲ್ಲ.

ಆಸ್ಪತ್ರೆಯಲ್ಲಿ ಮೇಸ್ತ್ರಿ ಸ್ವೆಟರ್ ಬಿಚ್ಚಿ ಮಡಿಲಲ್ಲಿಟ್ಟುಕೊಂಡು ಫ್ಯಾನಿನ ಕೆಳಗಿನ ಬೆಂಚಿನಲ್ಲಿ ಕೂತ. ಬೆಳಿಗ್ಗೆ ನುಂಗಿದ ಹಳದಿ ಮಾತ್ರೆ ಅಷ್ಟೊತ್ತಿಗೆ ಕೆಲಸಕ್ಕೆ ಹತ್ತಿತ್ತು. ಸರದಿ ಬರುವ ಹೊತ್ತಿಗೆ ಅವನು ಪಕ್ಕದವರ ಹೆಗಲ ಮೇಲೆ ತೂಕಡಿಸುತ್ತಿದ್ದ. ನರ್ಸ್ ಬರಿಗೈಗೆ ಪಟ್ಟಿ ಕಟ್ಟಿ ನೋಡಿದಳು.

"ನೂರ ಮೂವತ್ತೆರಡು. ಪರವಾಗಿಲ್ಲ ಮೇಸ್ತ್ರಿ."

ಮೇಸ್ತ್ರಿಯ ನಿದ್ದೆ ಹಾರಿತು. ಅರವತ್ತೆರಡು, ಮೂವತ್ತೆರಡು. ಅವನ ಕಸುಬಿನಲ್ಲಿ ಇದಕ್ಕೆ ಒಂದೇ ಅರ್ಥ. ಎರಡು ತಕ್ಕಡಿ ಎರಡು ತೂಕ ಹೇಳಿದರೆ ಸರ್ಕಾರಿ ಮುದ್ರೆ ಇರುವುದು ಸರಿ, ಇನ್ನೊಂದು ತಪ್ಪು. ತೂಗಿದ ಸಾಮಾನೇ ನಡುವೆ ಬದಲಾಗಿರಬಹುದು ಎಂದು ತಕ್ಕಡಿ ರಿಪೇರಿಯವನು ಯಾಕೆ ಯೋಚಿಸಬೇಕು? ಅಕ್ಕಿ ಮೂಟೆ ಯಾರ ಜೊತೆಯೂ ಜಗಳವಾಡುವುದಿಲ್ಲ.

"ಮುಂದಿನ ಸಲ ನಿಮ್ಮ ಮಷೀನೂ ತನ್ನಿ. ಇಲ್ಲಿಯದರ ಜೊತೆ ಹೋಲಿಸಿ ನೋಡೋಣ" ಎಂದಳು ನರ್ಸ್.

"ಹೋಲಿಸಿ ಆಯ್ತು ಸಿಸ್ಟರ್" ಎಂದ ಮೇಸ್ತ್ರಿ, ಸ್ವಲ್ಪ ಬಿಗುವಾಗಿ. ಬಡಗಿಗೆ ಮೊಳೆ ಹೊಡೆಯಲು ಹೇಳಿಕೊಟ್ಟ ಹಾಗಾಗಿತ್ತು ಅವನಿಗೆ.

ಮನೆಗೆ ಬಂದು ಒಂದು ಅಂಟು ಚೀಟಿಯ ಮೇಲೆ "ಮೂವತ್ತು ಕಳೆ" ಎಂದು ಬರೆದು ಮಷೀನಿನ ಹಣೆಗೆ ಹಚ್ಚಿದ. ಅಕ್ಕನಿಗೆ ವಿವರಿಸಿದ. ತಪ್ಪು ತೋರಿಸಿದರೆ ತೊಂದರೆಯಿಲ್ಲ, ಎಷ್ಟು ತಪ್ಪು ಅಂತ ಗೊತ್ತಿದ್ದರೆ ಸಾಕು. ಮೀನಿನ ಅಂಗಡಿಯವನು ಇಂಥ ತಕ್ಕಡಿ ಇಟ್ಟುಕೊಂಡೇ ಮೂರು ಮಕ್ಕಳ ಮದುವೆ ಮಾಡಿದ. ಅಕ್ಕನ ಮುಖಕ್ಕೆ ರಕ್ತ ಮರಳಿತು. ತಕ್ಕಡಿಯ ವಿಷಯದಲ್ಲಿ ತಮ್ಮನ ಮಾತಿಗೆ ಅವಳು ಎದುರಾಡುತ್ತಿರಲಿಲ್ಲ. ಉಳಿದ ಎಲ್ಲ ವಿಷಯದಲ್ಲೂ ಎದುರಾಡುತ್ತಿದ್ದಳು, ಹಾಗಾಗಿ ಒಂದನ್ನು ಬಿಟ್ಟುಕೊಟ್ಟಿದ್ದಳು.

ಮರುದಿನ ಮೇಸ್ತ್ರಿ ನರ್ಸ್ ಹೇಳಿದ ಹಾಗೆಯೇ ಬರಿಗೈಗೆ ಪಟ್ಟಿ ಕಟ್ಟಿ, ಸುಮ್ಮನೆ ಕೂತು ನೋಡಿದ. ನೂರ ಮೂವತ್ತೆಂಟು ಬಂತು. ಮೂವತ್ತು ಕಳೆದರೆ ನೂರ ಎಂಟು. ನೂರ ಹತ್ತಕ್ಕಿಂತ ಕೆಳಗೆ! ಅವನು ಶಿಸ್ತಿನ ರೋಗಿಯಾದ್ದರಿಂದ ಕೂಡಲೇ ಫೋನ್ ಮಾಡಿದ.

"ಸಿಸ್ಟರ್, ಮೇಲಿನದು ನೂರ ಎಂಟು."

"ತಲೆಸುತ್ತು ಇದೆಯಾ?"

ಮೇಸ್ತ್ರಿ ಯೋಚಿಸಿದ. ಕೇಳಿದ ಮೇಲೆ ಸ್ವಲ್ಪ ಇದ್ದ ಹಾಗೆ ಅನ್ನಿಸಿತು. "ಇದೆ."

ನಾಲ್ಕು ದಿನ ನೋಡಿದರು. ನಾಲ್ಕು ದಿನವೂ ಮೂವತ್ತು ಕಳೆದು ಉಳಿದ ನಂಬರೇ ಆಸ್ಪತ್ರೆಗೆ ಹೋಯಿತು. ನರ್ಸ್ ಡಾಕ್ಟರನ್ನು ಕೇಳಿ ಬಂದು, "ರಾತ್ರಿದು ಬಿಳಿ ಮಾತ್ರೆ ಸದ್ಯಕ್ಕೆ ನಿಲ್ಲಿಸಿ" ಎಂದಳು. ನಂಬರ್ ಹೇಗೆ ಬಂತು ಎಂದು ಅವಳು ಕೇಳಲಿಲ್ಲ. ನಂಬರಿಗೆ ತವರುಮನೆ ಇರುತ್ತದೆ ಎಂದು ಯಾರಿಗೆ ಗೊತ್ತು?

ಅವನು ಮಾತ್ರೆಯನ್ನು ತಾನಾಗಿ ಕಳೆಯಲಿಲ್ಲ ಎನ್ನುವುದನ್ನು ಗಮನಿಸಬೇಕು. ನಂಬರನ್ನು ಮಾತ್ರ ಕಳೆದ.

ಮಾತ್ರೆ ನಿಂತ ಮೇಲೆ ಮಷೀನು ನೂರ ಐವತ್ತೈದು, ಐವತ್ತೆಂಟು ತೋರಿಸತೊಡಗಿತು. ಮೇಸ್ತ್ರಿಯ ಲೆಕ್ಕಕ್ಕೆ ಅದು ನೂರ ಇಪ್ಪತ್ತೈದು, ಇಪ್ಪತ್ತೆಂಟು. ಪುಸ್ತಕದಲ್ಲಿ ಬರೆದ ಹಾಗೆ. ಅಕ್ಕ ಇಸ್ತ್ರಿ ಅಂಗಡಿಗೆ ಬಂದವರಿಗೆಲ್ಲ ಅಂಗಿಯ ಜೊತೆ ಈ ಸುದ್ದಿಯನ್ನೂ ಮಡಚಿ ಕೊಟ್ಟಳು: "ನಂದು ಎಷ್ಟು ಗಟ್ಟಿ ಅಂದ್ರೆ ಡಾಕ್ಟ್ರೇ ಮಾತ್ರೆ ಬೇಡ ಅಂದ್ರಂತೆ!" ತನ್ನ ಕೈಗೂ ಒಮ್ಮೆ ಪಟ್ಟಿ ಕಟ್ಟಿಸಿಕೊಂಡಳು. ನೂರ ಐವತ್ತಾರು.

"ನೂರ ಇಪ್ಪತ್ತಾರು" ಎಂದ ತಮ್ಮ. "ನಿಂದು ನಂದು ಒಂದೇ ಥರ ಅಕ್ಕ."

"ಇರದೆ? ಒಂದೇ ಜೋಡಿಯವು."

ಸುದ್ದಿ ಹಬ್ಬಿದ ಮೇಲೆ ಬೀದಿಯ ಜನ ಅಂಗಿಯ ತೋಳು ಮಡಚಿಕೊಂಡು ಬರತೊಡಗಿದರು. ದಿನಸಿ ಅಂಗಡಿಯವನು ಬಂದ. ಅವನ ನೂರ ಎಪ್ಪತ್ತು ನೂರ ನಲವತ್ತಾಯಿತು, ಖುಷಿಯಿಂದ ಹೋದ. ತಪ್ಪು ಮಷೀನಿನದು, ಎಲ್ಲರಿಗೂ ಸಮ. ಮೇಸ್ತ್ರಿ ಪಕ್ಷಪಾತ ಮಾಡುವವನಲ್ಲ.

ಒಂದು ದಿನ ಮಹಡಿಯ ಮೇಲಿನ ಓನರಮ್ಮ ಇಳಿದು ಬಂದಳು. ಬಾಡಿಗೆಯವರ ನಲ್ಲಿ ಸೋರುತ್ತಿದೆಯೇ ಎಂದು ಪರೀಕ್ಷಿಸುವುದೇ ಆಕೆಯ ಜೀವನ. ಒಂದು ಕೈಯಲ್ಲಿ ತುಂಬಿದ ಬಕೆಟ್ ಹಿಡಿದೇ ಇನ್ನೊಂದು ಕೈ ಚಾಚಿದಳು.

"ನೋಡಪ್ಪ ನಂದೂ."

ನೂರ ಹದಿನಾರು. ಮೇಸ್ತ್ರಿ ಕಳೆದ. ಮತ್ತೊಮ್ಮೆ ಕಳೆದ.

"ಎಂಬತ್ತಾರು."

"ಅಂದ್ರೆ?"

"ನೀವು ಮೊದಲು ಆ ಬಕೆಟ್ ಕೆಳಗಿಡಿ ಅಮ್ಮ. ನಿಧಾನಕ್ಕೆ ಕೂತ್ಕೊಳ್ಳಿ. ಮಾತಾಡಬೇಡಿ."

ಬಕೆಟ್ ಹಿಡಿದು ಮಹಡಿ ಇಳಿದವಳು ಆ ಮಾತಿಗೆ ಕುಸಿದಳು. ಬೀದಿ ಸೇರಿತು. ದಿನಸಿಯವನು ಉಪ್ಪಿನ ಪೊಟ್ಟಣ ತಂದ. ಯಾರೋ ನಿಂಬೆಹಣ್ಣು ಹಿಂಡಿದರು. ಅಕ್ಕ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಓಡಿ ಬಂದು ಅಂಗಾಲು ತಿಕ್ಕಿದಳು. ಓನರಮ್ಮನ ಮಗ ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತು, "ಬೆಳಿಗ್ಗೆ ಒಂದು ಗಂಟೆ ಹೊತ್ತು ನನ್ನ ಜೊತೆ ಜಗಳ ಆಡಿದ್ಲಲ್ರೀ, ಚೆನ್ನಾಗೇ ಇದ್ಲು" ಎಂದ.

"ಎಂಬತ್ತಾರು ಕಣೋ" ಎಂದಳು ತಾಯಿ ಕ್ಷೀಣವಾಗಿ. "ಮಹಡಿ ನೀನೇ ಇಟ್ಕೋ. ನಿನ್ನ ತಂಗಿಗೆ ಹಿಂದಿನ ಕೋಣೆ. ನಾನು ಹೋದ ಮೇಲೂ ನಲ್ಲಿ ಸೋರೋಕೆ ಬಿಡಬೇಡ."

ಬೀದಿ ಮೂಲೆಯ ಡಾಕ್ಟರು ಬರುವ ಹೊತ್ತಿಗೆ ಮುದುಕಿ ಎರಡು ಲೋಟ ಉಪ್ಪು ನೀರು ಕುಡಿದಿದ್ದಳು. ಅವರು ಬಿಪಿ ನೋಡಿ, "ನೂರ ಇಪ್ಪತ್ತನಾಲ್ಕು. ಕಲ್ಲಿನ ಹಾಗಿದ್ದಾರೆ. ಯಾರು ಹೇಳಿದ್ದು ಎಂಬತ್ತಾರು ಅಂತ?" ಎಂದರು.

ಎಲ್ಲರೂ ಮೇಸ್ತ್ರಿಯನ್ನು ನೋಡಿದರು. ಮೇಸ್ತ್ರಿ ಅಲುಗಲಿಲ್ಲ. ದಿನಸಿಯವನೇ ಅವನನ್ನು ಉಳಿಸಿದ.

"ಎಂಬತ್ತಾರು ಇತ್ತು ಡಾಕ್ಟ್ರೇ. ಉಪ್ಪು ಕೊಟ್ವಿ, ಏರಿತು. ನಾನೇ ತಂದುಕೊಟ್ಟಿದ್ದು."

ಬೀದಿಗೆ ಈ ವಿವರಣೆ ತುಂಬ ಹಿಡಿಸಿತು. ಇದರಲ್ಲಿ ಎಲ್ಲರಿಗೂ ಒಂದೊಂದು ಪಾಲಿತ್ತು. ಓನರಮ್ಮ ಸಾವಿನಿಂದ ಮರಳಿದ್ದಳು, ದಿನಸಿಯವನು ಔಷಧಿ ಕೊಟ್ಟಿದ್ದ, ಮೇಸ್ತ್ರಿ ರೋಗ ಹಿಡಿದಿದ್ದ. ಡಾಕ್ಟರು ಒಬ್ಬರೇ ಕೆಲಸವಿಲ್ಲದೆ ನಿಂತಿದ್ದರು. ಅವರು ಚೀಲ ಮುಚ್ಚುತ್ತ ಮೇಸ್ತ್ರಿಯ ಮುಖವನ್ನು ದಿಟ್ಟಿಸಿದರು.

"ನಿಮ್ಮ ಕಣ್ಣ ಕೆಳಗೆ ಊದಿದೆ. ಬನ್ನಿ ಇಲ್ಲಿ, ಕೈ ಕೊಡಿ, ನಿಮ್ಮದೂ ನೋಡ್ತೀನಿ."

"ನನಗೆ ಮನೇಲೇ ಇದೆ ಡಾಕ್ಟ್ರೇ" ಎಂದ ಮೇಸ್ತ್ರಿ.

ಡಾಕ್ಟರು ಒತ್ತಾಯ ಮಾಡಲಿಲ್ಲ. ಅವರ ಕ್ಲಿನಿಕ್ಕಿನಲ್ಲಿ ಇನ್ನೂ ರೋಗಿಗಳು ಕಾಯುತ್ತಿದ್ದರು. ಆ ದಿನ ಆ ಕೈ ಚಾಚಿದ್ದರೆ ಈ ಕಥೆ ಇಲ್ಲಿಗೆ ನಿಲ್ಲುತ್ತಿತ್ತು.

ಆಮೇಲಿನ ದಿನಗಳಲ್ಲಿ ಮೇಸ್ತ್ರಿಗೆ ತಲೆನೋವು ಶುರುವಾಯಿತು. ಬೆಳಿಗ್ಗೆ ಎದ್ದಾಗ ಹಿಂದಲೆಯಲ್ಲಿ ಯಾರೋ ತೂಕದ ಕಲ್ಲು ಕಟ್ಟಿದ ಹಾಗೆ. ಮೆಟ್ಟಿಲ ಮೇಲೆ ಕೂತು ತಲೆ ಹಿಡಿದುಕೊಂಡವನನ್ನು ಓನರಮ್ಮ ನೋಡಿದಳು. ಕಡಿಮೆ ಬಿಪಿಯ ವಿಷಯದಲ್ಲಿ ಈಗ ಆಕೆಯನ್ನು ಮೀರಿಸಿದವರಿರಲಿಲ್ಲ.

"ನನಗಾದದ್ದೇ ನಿನಗೂ ಆಗಿದೆ. ಉಪ್ಪು ನಿಂಬೆರಸ ಕುಡಿ."

"ಆಸ್ಪತ್ರೇಲಿ ಉಪ್ಪು ಬೇಡ ಅಂದಿದಾರೆ ಅಮ್ಮ."

"ಅದು ಬಿಪಿ ಇದ್ದೋರಿಗೆ. ನಿನ್ನದು ಎಷ್ಟಿದೆ ಇವತ್ತು?"

ನೋಡಿದರು. ಹಳದಿ ಮಾತ್ರೆ ಆಗತಾನೇ ಕೆಲಸಕ್ಕೆ ಹತ್ತಿದ್ದ ಹೊತ್ತು. ನೂರ ಮೂವತ್ತೆಂಟು, ಅಂದರೆ ನೂರ ಎಂಟು. ಓನರಮ್ಮ ವಿಜಯದಿಂದ ತಲೆಯಾಡಿಸಿ, ತಾನೇ ಒಂದು ದೊಡ್ಡ ಲೋಟ ಉಪ್ಪು ನಿಂಬೆರಸ ಮಾಡಿ ತಂದು, ಅವನು ಕುಡಿದು ಮುಗಿಸುವವರೆಗೂ ಎದುರು ನಿಂತಳು. ಅಂದಿನಿಂದ ಅದು ದಿನದ ಸೇವೆಯಾಯಿತು. ಪಾಪ, ಆಕೆ ಒಳ್ಳೆಯ ಮನಸ್ಸಿನಿಂದಲೇ ಮಾಡಿದಳು. ಆ ಬೀದಿಯಲ್ಲಿ ಯಾರೂ ಕೆಟ್ಟ ಮನಸ್ಸಿನಿಂದ ಏನನ್ನೂ ಮಾಡಲಿಲ್ಲ.

ಆಸ್ಪತ್ರೆಗೆ ಹೋಗುವ ಮೂರು ತಿಂಗಳ ಗಡುವು ಬಂತು. ಅದೇ ಹೊತ್ತಿಗೆ ತೂಕ ಮತ್ತು ಅಳತೆ ಇಲಾಖೆ ತಕ್ಕಡಿಗಳಿಗೆ ವರ್ಷದ ಮುದ್ರೆ ಹಾಕುವ ಕಾಲವೂ ಬಂತು. ಮಾರುಕಟ್ಟೆಯ ಅಂಗಡಿಗಳೆಲ್ಲ ಮೇಸ್ತ್ರಿಯ ಗೂಡಿನ ಮುಂದೆ ತಕ್ಕಡಿ ರಾಶಿ ಹಾಕಿದವು. ಸ್ವಲ್ಪ ದಿನ ಬಿಟ್ಟು ಬರಲೇ ಎಂದು ಅವನು ಫೋನ್ ಮಾಡಿ ಕೇಳಿದ. ನರ್ಸ್ ನಂಬರ್ ಕೇಳಿದಳು. ನೂರ ಇಪ್ಪತ್ತೆಂಟು ಎಂದ. "ನಂಬರ್ ಚೆನ್ನಾಗಿದೆ. ರಕ್ತ ಪರೀಕ್ಷೆಗೆ ಮುಂದಿನ ತಿಂಗಳಾದ್ರೂ ತಪ್ಪದೆ ಬನ್ನಿ" ಎಂದಳು.

ಮುಂದಿನ ತಿಂಗಳು ಬರುವ ಮೊದಲು ಮಷೀನು ಹದ ತಪ್ಪಿತು. ನೂರ ಎಂಬತ್ತೈದು ಎಂದಿತು. ಮರುದಿನ ನೂರ ತೊಂಬತ್ತು. ಅವತ್ತು ಅಕ್ಕ ಪಕ್ಕದಲ್ಲೇ ಇದ್ದಳು.

"ಏನೋ ಇದು? ಮೂವತ್ತು ಕಳೆದ್ರೂ ನೂರ ಅರವತ್ತಾಯ್ತಲ್ಲ!"

ಮೇಸ್ತ್ರಿ ಬಹಳ ಹೊತ್ತು ಯೋಚಿಸಿದ. ಊಟ ತಪ್ಪಿರಲಿಲ್ಲ, ಕ್ಯಾಪ್ಸೂಲ್ ತಪ್ಪಿರಲಿಲ್ಲ, ನಿಂಬೆರಸವೂ ತಪ್ಪಿರಲಿಲ್ಲ. ತಾನು ಸರಿಯಿದ್ದೇನೆ. ಹಾಗಿದ್ದ ಮೇಲೆ ತನ್ನದು ನೂರ ಮೂವತ್ತೇ ಇರಬೇಕು. ನೂರ ತೊಂಬತ್ತರಲ್ಲಿ ನೂರ ಮೂವತ್ತು ಹೋದರೆ ಎಷ್ಟು?

"ಸ್ಪ್ರಿಂಗ್ ಸಡಿಲ ಆಗ್ತಾ ಹೋದ್ರೆ ತಪ್ಪೂ ಬೆಳೀತಾ ಹೋಗುತ್ತೆ ಅಕ್ಕ" ಎಂದು ಹೇಳಿ, ಚೀಟಿಯ ಮೇಲಿನ ಮೂವತ್ತನ್ನು ಹೊಡೆದು ಅರವತ್ತು ಬರೆದ.

"ಇದರೊಳಗೆ ಸ್ಪ್ರಿಂಗ್ ಇದೆಯಾ?"

"ಇಲ್ಲದೆ ಇರುತ್ತಾ?"

ಅಕ್ಕ ಮೊದಲ ಸಲ ತಕ್ಕಡಿಯ ವಿಷಯದಲ್ಲಿ ಬಾಯಿ ತೆರೆದಳು. "ಲೋ, ಬಟ್ಟೆ ಸುಟ್ಟ ವಾಸನೆ ಬಂದ್ರೆ ನಾನು ಕೆಂಡ ಜಾಸ್ತಿ ಆಯ್ತು ಅಂತೀನಿ. ಮೂಗು ಕೆಟ್ಟಿದೆ ಅನ್ನಲ್ಲ. ಒಂದು ಸಲ ಆಸ್ಪತ್ರೆಗೆ ಹೋಗಿ ಬರೋಣ ಬಾರೋ."

ಮೇಸ್ತ್ರಿಗೆ ನೋವಾಯಿತು. "ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಅಕ್ಕ. ಎಲ್ಲಾದ್ರಲ್ಲೂ ನಿನ್ನ ಮಾತು ಕೇಳ್ತೀನಿ. ಇದೊಂದು ನನಗೆ ಬಿಡು."

ತಮ್ಮನ ಮುಖ ನೋಡಿ ಅವಳು ಬಿಟ್ಟಳು. ಅಕ್ಕನ ಮನಸ್ಸು ತಿಳಿಯಾಗಲಿ ಎಂದು ಅವನು ಅವಳ ಕೈಗೂ ಪಟ್ಟಿ ಕಟ್ಟಿದ. ನೂರ ಅರವತ್ತೆಂಟು. ಹೊಸ ಲೆಕ್ಕಕ್ಕೆ ನೂರ ಎಂಟು.

"ನೀನೂ ಸ್ವಲ್ಪ ಉಪ್ಪು ತಿನ್ನಬೇಕು ಅಕ್ಕ" ಎಂದ.

ಮುದ್ರೆ ಹಾಕುವ ದಿನ ಮಾರುಕಟ್ಟೆಯ ಅಂಗಳದಲ್ಲಿ ಮೇಜು ಹಾಕಿ ಇಲಾಖೆಯ ಇನ್ಸ್‌ಪೆಕ್ಟರ್ ಕೂತಿದ್ದರು. ಮೇಸ್ತ್ರಿ ಒಂದೊಂದೇ ತಕ್ಕಡಿಯನ್ನು ಸೊನ್ನೆಗೆ ತಂದು ಅವರ ಮುಂದಿಡಬೇಕು. ಅಂದು ಬೆಳಿಗ್ಗೆ ಮನೆಯಲ್ಲಿ ಬಿಪಿ ನೋಡಿದಾಗ ಮಷೀನು ಹಿಂಡಿತು, ಇನ್ನೂ ಹಿಂಡಿತು, ಕೊನೆಗೆ ನಂಬರನ್ನೇ ತೋರಿಸದೆ ಕೆಲಸ ಕೆಟ್ಟಿದೆ ಎನ್ನುವ ಆ ಅಕ್ಷರ ತೋರಿಸಿತು. ಅಂತೂ ಸತ್ತಿತಲ್ಲ ಎಂದು ಮೇಸ್ತ್ರಿಗೆ ಒಂದು ಥರ ಸಮಾಧಾನವೇ ಆಗಿತ್ತು. ಅದರ ಬಗ್ಗೆ ತನ್ನ ಅಭಿಪ್ರಾಯ ನಿಜವಾಯಿತು ಎಂದುಕೊಂಡ.

ಮೀನಿನ ಅಂಗಡಿಯವನ ತಕ್ಕಡಿ ಬಂತು. ಮೇಸ್ತ್ರಿ ಬಾಗಿ ನೋಡಿದ. ಕಣ್ಣು ತಿಕ್ಕಿ ಮತ್ತೆ ನೋಡಿದ.

"ಏನಯ್ಯ ಇದು, ಎರಡು ಮುಳ್ಳು ಹಾಕಿಸಿದೀಯಾ?"

"ಎರಡೆಲ್ಲಿದೆ ಮೇಸ್ತ್ರಿ? ನೀವೇ ಹಾಕಿಕೊಟ್ಟಿದ್ದು, ಒಂದೇ!"

"ನನಗೆ ಕಾಣ್ತಿದೆ. ಒಂದು ಸೊನ್ನೆ ಮೇಲೆ, ಒಂದು ಪಕ್ಕಕ್ಕೆ. ಯಾವುದು ಗಿರಾಕಿಗೆ, ಯಾವುದು ನಿನಗೆ?"

ಜನ ನಕ್ಕರು. ಮೀನಿನವನು ಕೆರಳಿದ. "ಸಾರ್, ಬೆಳಿಗ್ಗೇನೇ ಕುಡಿದು ಬಂದಿದಾರೆ ನೋಡಿ ಸಾರ್!" ಇನ್ಸ್‌ಪೆಕ್ಟರ್ ಕನ್ನಡಕ ಏರಿಸಿ, "ಏನ್ರೀ ಮೇಸ್ತ್ರಿ, ಏನು ಕುಡಿದಿದ್ದೀರಿ?" ಎಂದು ಗದರಿದರು.

"ನಿಂಬೆರಸ ಸಾರ್" ಎಂದ ಮೇಸ್ತ್ರಿ. ಜನ ಇನ್ನಷ್ಟು ನಕ್ಕರು. ಆ ನಗೆಯ ನಡುವೆಯೇ ಅವನ ಬಾಯಿ ಒಂದು ಕಡೆಗೆ ಎಳೆದುಕೊಂಡಿತು, ಕೈಕಾಲು ಸೆಟೆದವು, ಹಿಂದಕ್ಕೆ ಬಿದ್ದ.

ಬಿದ್ದದ್ದು ಮೂಟೆ ತೂಗುವ ದೊಡ್ಡ ತಕ್ಕಡಿಯ ಹಲಗೆಯ ಮೇಲೆ. ಬೆಳಿಗ್ಗೆ ತಾನೇ ಅವನ ಕೈಯಿಂದಲೇ ಸೊನ್ನೆಗೆ ಬಂದಿತ್ತು ಅದು. ಮುಳ್ಳು ಎದ್ದು, ಅವನು ಸೆಟೆದಷ್ಟು ಹೊತ್ತು ಒದ್ದಾಡಿ, ನಿಧಾನಕ್ಕೆ ಎಂಬತ್ತೊಂದರಲ್ಲಿ ನಿಂತಿತು. ಯಾರೂ ಕೇಳದಿದ್ದರೂ ದಿನಸಿಯವನು ಅದನ್ನು ಜೋರಾಗಿ ಓದಿದ. ಅಲ್ಲಿದ್ದವರಿಗೆಲ್ಲ ಮೇಸ್ತ್ರಿಯ ತೂಕ ಗೊತ್ತಿತ್ತು. ತಕ್ಕಡಿ ಪರೀಕ್ಷಿಸಲು ಅವನು ತಾನೇ ಹತ್ತಿ ನಿಲ್ಲುತ್ತಿದ್ದ, ಯಾವಾಗಲೂ ಎಪ್ಪತ್ತನಾಲ್ಕು.

"ಏಳು ಕಿಲೋ ಹೆಚ್ಚಿಗೆ ತೋರಿಸ್ತಿದೆ. ಇದಕ್ಕೆ ಮುದ್ರೆ ಕೊಡಲ್ಲ" ಎಂದರು ಇನ್ಸ್‌ಪೆಕ್ಟರ್.

ಆ ಏಳು ಕಿಲೋ ನೀರು ಎಂದು ಆಸ್ಪತ್ರೆಯಲ್ಲಿ ಗೊತ್ತಾಯಿತು. ಹೊರಹೋಗಲು ದಾರಿಯಿಲ್ಲದೆ ಮೈಯಲ್ಲಿ ನಿಂತ ನೀರು. ತಕ್ಕಡಿ ಸರಿಯಾಗಿಯೇ ಇತ್ತು.

ಭಾವನ ಸರಕಿನ ಗಾಡಿಯಲ್ಲೇ ಅವನನ್ನು ಒಯ್ದರು. ಅಲ್ಲಿ ಮೇಲಿನ ನಂಬರು ಇನ್ನೂರ ಮೂವತ್ತರ ಮೇಲಿತ್ತು. ಅಕ್ಕ ಕೈಯಲ್ಲಿ ಇದ್ದಿಲ ಮಸಿ ಮೆತ್ತಿಕೊಂಡೇ ಬಾಗಿಲ ಹೊರಗೆ ನಿಂತಿದ್ದಳು. ಬಹಳ ಹೊತ್ತಿನ ಮೇಲೆ ಡಾಕ್ಟರು ಹೊರಬಂದರು. ಅವರು ಇನ್ನೂ ಚಿಕ್ಕವರು, ಆ ವಾರ ಸೇರಿದವರು.

"ಹೇಗಿದೆ ಡಾಕ್ಟ್ರೇ ನಂದು?"

"ನಿಮ್ಮ ತಮ್ಮನಿಗೆ ಎಚ್ಚರ ಬಂದಿದೆ ಅಮ್ಮ. ಜೀವಕ್ಕೆ ಅಪಾಯ ಇಲ್ಲ."

"ಅದಲ್ಲ. ನಂದು."

ಡಾಕ್ಟರು ಅರ್ಥವಾಗದೆ ಕೈಯಲ್ಲಿದ್ದ ಫೈಲು ತಿರುವಿದರು. ಕೊಟ್ಟವರ ಹೆಸರು ಇದ್ದ ಹಾಳೆ ಬಂತು. ಅವರು ಹೆಸರು ನೋಡಿದರು, ಅವಳ ಮುಖ ನೋಡಿದರು.

"ಅದು ಹೋಯ್ತಮ್ಮ" ಎಂದರು.

ಆಮೇಲೂ ಕೆಲವು ವಾರ ನೋಡಿದರು. ಅದು ಮರಳಲಿಲ್ಲ. ಮೇಸ್ತ್ರಿಯನ್ನು ಮತ್ತೆ ರಕ್ತ ಶುದ್ಧ ಮಾಡುವ ಯಂತ್ರಕ್ಕೆ ಹಾಕಿದರು. ಹಳೆಯ ಕೋಣೆ, ಹಳೆಯ ಕುರ್ಚಿ. ಹಳೆಯ ನರ್ಸ್ ಅವನ ಬಿಪಿ ಮಷೀನನ್ನು ಮನೆಯಿಂದ ತರಿಸಿದಳು. ಹಣೆಯ ಮೇಲಿನ ಚೀಟಿ ಓದಿದಳು. ಅವನ ಕೈಗೆ ಮೊದಲು ಆಸ್ಪತ್ರೆಯದನ್ನು, ಆಮೇಲೆ ಅದೇ ಕೈಗೆ ಇದನ್ನು ಕಟ್ಟಿ ನೋಡಿದಳು.

"ಎರಡೇ ಪಾಯಿಂಟ್ ವ್ಯತ್ಯಾಸ. ಬಿಪಿ ವಿಪರೀತ ಏರಿದ್ರೆ ಇಂಥವು ನಂಬರ್ ತೋರಿಸಲ್ಲ, ಅಷ್ಟೇ. ನಿಮ್ಮ ಮಷೀನು ಸರಿಯಾಗಿದೆ ಮೇಸ್ತ್ರಿ."

"ಹಾಗಾದ್ರೆ ಆವತ್ತಿನ ಮೂವತ್ತು ಎಲ್ಲಿಂದ ಬಂತು ಸಿಸ್ಟರ್?"

"ಆವತ್ತು ನೋಡುವಾಗ ಏನು ಮಾಡ್ತಿದ್ರಿ?"

ಮೇಸ್ತ್ರಿ ಹೇಳಿದ. ಚಪ್ಪಲಿ, ಅಕ್ಕನ ಬಾಯಿ, ತನ್ನ ಬಾಯಿ, ಸ್ವೆಟರ್. ಹೇಳುತ್ತ ಹೇಳುತ್ತ ದನಿ ಇಳಿಯಿತು. ನರ್ಸ್ ಅವನನ್ನು ಬೈಯಬಹುದಿತ್ತು. ಆದರೆ ಫೋನಿನಲ್ಲಿ ಬಿಳಿ ಮಾತ್ರೆ ನಿಲ್ಲಿಸಿ ಎಂದದ್ದು ಅವಳ ದನಿಯೇ. ಅವಳು ಪಟ್ಟಿ ಸುತ್ತಿ ಚೀಲಕ್ಕೆ ಹಾಕಿದಳು. ಆಮೇಲೆ, ಗೋಡೆಗೆ ಒರಗಿ ಕೂತಿದ್ದ ಅಕ್ಕನನ್ನು ಕರೆದು ಅವಳ ಕೈಗೂ ಆಸ್ಪತ್ರೆಯ ಪಟ್ಟಿ ಕಟ್ಟಿದಳು. ನೂರ ಎಪ್ಪತ್ತು.

"ಒಂದೇ ಕಿಡ್ನಿ ಇಟ್ಕೊಂಡು ಇಷ್ಟು ದಿನ ನೋಡಿಸ್ಕೊಂಡೇ ಇಲ್ವಾ ಅಮ್ಮ?"

"ನೋಡಿಸ್ಕೊಂಡೆ" ಎಂದಳು ಅಕ್ಕ.

ಅವಳಿಗೂ ಮಾತ್ರೆ ಬರೆದರು. ಬೆಳಿಗ್ಗೆ ಹಳದಿ, ರಾತ್ರಿ ಬಿಳಿ.

ಮನೆಗೆ ಕಳಿಸಿದ ಮೇಲೆ ಭಾವ ನೋಡಲು ಬಂದ. ಅಭ್ಯಾಸದಂತೆ ಭಾಮೈದನ ಹೊಟ್ಟೆಯ ಕಡೆ ನೋಡಿದ. ಅಲ್ಲಿಂದ ಕಣ್ಣು ತೆಗೆದು ಮೇಜಿನ ಮೇಲಿನ ಮಷೀನು ನೋಡಿದ. ಹೋಗುವಾಗ, "ಮಷೀನು ಸರಿಯಾಗೇ ಇತ್ತಂತೆ" ಎಂದ. ತಂದುಕೊಟ್ಟವನು ಅವನೇ. ಓನರಮ್ಮ ಮಹಡಿಯಿಂದ ಇಳಿಯುವುದನ್ನು ನಿಲ್ಲಿಸಿದಳು. ಮೇಸ್ತ್ರಿಯ ನಲ್ಲಿ ಸೋರುತ್ತಿತ್ತು, ಯಾರೂ ಕೇಳಲಿಲ್ಲ.

ಅಕ್ಕ ಈಗಲೂ ದಿನಾ ಬೆಳಿಗ್ಗೆ ಅಂಗಡಿ ತೆಗೆಯುವ ಮೊದಲು ಬರುತ್ತಾಳೆ. ಚಪ್ಪಲಿ ಬಿಟ್ಟು ಒಳಗೆ ಬರುತ್ತಾಳೆ, ಏನನ್ನೂ ಕೇಳುವುದಿಲ್ಲ. ರವಿಕೆಯ ತೋಳು ಮಡಚಿ ಬರಿಗೈಯನ್ನು ಮೇಜಿನ ಮೇಲಿಡುತ್ತಾಳೆ. ಮೇಸ್ತ್ರಿ ಪಟ್ಟಿ ಕಟ್ಟುತ್ತಾನೆ. ಐದು ನಿಮಿಷ ಇಬ್ಬರೂ ಎದುರುಬದುರು ಸುಮ್ಮನೆ ಕೂರುತ್ತಾರೆ. ನಲವತ್ತು ಚಿಲ್ಲರೆ ವರ್ಷದಲ್ಲಿ ಅವರಿಬ್ಬರೂ ಜಗಳವಾಡದೆ ಇಷ್ಟು ಹೊತ್ತು ಕೂತದ್ದಿಲ್ಲ. ಮಷೀನಿನ ಹಣೆಯ ಮೇಲೆ ಚೀಟಿ ಕಿತ್ತ ಜಾಗದಲ್ಲಿ ಅಂಟು ಹಾಗೇ ಉಳಿದಿದೆ, ಅದಕ್ಕೆ ಧೂಳು ಹಿಡಿದಿದೆ.

"ನೂರ ಮೂವತ್ತೆಂಟು" ಎನ್ನುತ್ತಾನೆ ಮೇಸ್ತ್ರಿ.

"ಎಷ್ಟು ಕಳೀಬೇಕು?"

"ಏನೂ ಇಲ್ಲ ಅಕ್ಕ. ಅಷ್ಟೇ."

ಅಕ್ಕ ತೋಳು ಇಳಿಸಿ ಎದ್ದು ಅಂಗಡಿಗೆ ಹೋಗುತ್ತಾಳೆ.

ಅಕ್ಕ ತಮ್ಮ ಇಬ್ಬರೂ ಹುಟ್ಟುವಾಗ ತಂದದ್ದು ನಾಲ್ಕು ಕಿಡ್ನಿ. ತಮ್ಮನ ಎರಡು ಮೊದಲೇ ಹೋಗಿದ್ದವು. ಅಕ್ಕನ ಎಡಗಡೆಯದು ಈಗ ಹೋಯಿತು. ಒಟ್ಟು ಹೋದದ್ದು ಮೂರು, ಉಳಿದದ್ದು ಒಂದು.